ಮಳೆಗಾಲಕ್ಕೆ ಮುನ್ನ ಹಳೆಯ ದಾಖಲೆ ಕೊಠಡಿ: ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಹೊಸಗುಮಾಸ್ತ, ಉಡುಪಿ

ಮಾನ್ಯರೇ,

ನಾನು ಉಡುಪಿ ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾಲ್ಕು ವರ್ಷಗಳಿಂದ ದ್ವಿತೀಯ ದರ್ಜೆ ಸಹಾಯಕನಾಗಿದ್ದೇನೆ. ಕಳೆದ ತಿಂಗಳು ನಮ್ಮ ಹಳೆಯ ದಾಖಲೆ ಕೊಠಡಿಯ ಹೊಣೆಯನ್ನು ನನಗೆ ವಹಿಸಲಾಯಿತು. ಹಿಂದೆ ಇದ್ದವರು ನಿವೃತ್ತರಾಗಿ ಎಂಟು ತಿಂಗಳಾಗಿದ್ದು, ಅಷ್ಟೂ ಕಾಲ ಕೊಠಡಿಗೆ ಬೀಗ ಬಿದ್ದಿತ್ತು. ಬೀಗದ ಕೈಯೊಂದಿಗೆ ನನಗೆ ಸಿಕ್ಕಿದ್ದು ಬೆನ್ನು ಕಿತ್ತುಹೋದ ಒಂದು ರಿಜಿಸ್ಟರ್ ಮಾತ್ರ.

ಒಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿ ಹುರಿಯಿಂದ ಬಿಗಿದ ಮುನ್ನೂರರಷ್ಟು ಕಟ್ಟುಗಳಿವೆ. ಅರ್ಧ ಮರದ ಕಪಾಟುಗಳಲ್ಲಿ, ಉಳಿದರ್ಧ ಕಬ್ಬಿಣದ ರ‍್ಯಾಕುಗಳಲ್ಲಿ. ಪಡುವಣ ಗೋಡೆಗೆ ಪಸೆ ಬಂದು ಸುಣ್ಣ ಏಳುತ್ತಿದೆ. ಮೊದಲ ದಿನ ಕುತೂಹಲಕ್ಕೆಂದು ಒಂದು ಕಟ್ಟನ್ನು ಬಿಚ್ಚಿದೆ. ಮೇಲಿನ ನಾಲ್ಕೈದು ಹಾಳೆಗಳಿಗೆ ಬಟ್ಟೆಯ ಕೆಂಪು ಇಳಿದಿತ್ತು. ತುಕ್ಕು ಹಿಡಿದ ಗುಂಡುಸೂಜಿಯನ್ನು ಮುಟ್ಟಿದೊಡನೆ ಅದರ ಸುತ್ತಲಿನ ಕಾಗದ ಕಾಸಿನಗಲ ಉದುರಿ ಅಂಗೈಗೆ ಬಂತು. ಹೆದರಿ ಮತ್ತೆ ಕಟ್ಟಿಟ್ಟೆ. ಆ ಕಟ್ಟಿನ ಮೇಲೆ 1314 ಎಂದು ಬರೆದಿದೆ. ಅದು ವರ್ಷವಾಗಿರಲು ಸಾಧ್ಯವಿಲ್ಲ. ಇನ್ನು ಕೆಲವು ಕಡತಗಳ ಮೂಲೆಯಲ್ಲಿ ‘ಆರ್.ಡಿಸ್.’, ‘ಡಿ.ಡಿಸ್.’ ಎಂಬ ಇಂಗ್ಲಿಷ್ ಅಕ್ಷರಗಳು ಇವೆ. ಕಚೇರಿಯಲ್ಲಿ ಈಗ ಇರುವವರಲ್ಲಿ ಯಾರಿಗೂ ಅವುಗಳ ಅರ್ಥ ತಿಳಿದಿಲ್ಲ.

ಮೇಲಧಿಕಾರಿಗಳ ಸೂಚನೆ ಹೀಗಿದೆ: ಸ್ಕ್ಯಾನಿಂಗ್ ಮಾಡುವವರು ಬರುವ ಮೊದಲು ಎಲ್ಲವನ್ನೂ ವಿಷಯವಾರು ವಿಂಗಡಿಸಬೇಕು, ಬೇಡವಾದವುಗಳನ್ನು ನಾಶಪಡಿಸಲು ಪಟ್ಟಿ ಮಾಡಬೇಕು, ಹರಿದ ಹಾಳೆಗಳನ್ನು ಅಂಟಿಸಬೇಕು, ಇದೆಲ್ಲವೂ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಮುಗಿಯಬೇಕು. ನನಗೆ ಇರುವ ಸಹಾಯಕರು ಒಬ್ಬರು, ಅವರೂ ಮಧ್ಯಾಹ್ನದ ನಂತರ ತಪಾಲಿಗೆ ಹೋಗುತ್ತಾರೆ.

ಈ ಕ್ಷೇತ್ರದಲ್ಲಿ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು. ಯಾವುದರಿಂದ ಆರಂಭಿಸಲಿ? ಯಾವುದನ್ನು ಮುಟ್ಟದೇ ಇರಲಿ? ಇನ್ನೊಂದು ಸ್ವಂತ ಪ್ರಶ್ನೆಯೂ ಇದೆ. ಈ ಒಂದು ತಿಂಗಳಲ್ಲಿ ನನಗೆ ಈ ಕೆಲಸದ ಮೇಲೆ ಮನಸ್ಸು ಬಂದಿದೆ. ಪತ್ರಾಗಾರದ ಕೆಲಸವನ್ನು ಶಾಸ್ತ್ರೀಯವಾಗಿ ಕಲಿಯಲು ದಾರಿ ಇದೆಯೇ?

—

ಪತ್ರಾಗಾರದ ಹಳಬ, ಮಂಗಳೂರು

ಹೆದರಿ ಕಟ್ಟಿಟ್ಟಿರಲ್ಲ, ಅದೇ ನೀವು ಮಾಡಿದ ಮೊದಲ ಸರಿಯಾದ ಕೆಲಸ. ಇನ್ನು ಮುಂದಿನದನ್ನು ಹೇಳುತ್ತೇನೆ.

ವಿಷಯವಾರು ವಿಂಗಡಿಸಬೇಡಿ. ಈ ಮಾತನ್ನು ಮೇಲಧಿಕಾರಿಗಳಿಗೆ ಬಾಯಲ್ಲಿ ಹೇಳದೆ, ಕಾರಣ ಸಹಿತ ಟಿಪ್ಪಣಿ ಬರೆದು ಕಡತದಲ್ಲಿ ಮಂಡಿಸಿ. ಕಾರಣ ಇಷ್ಟು: ಸರ್ಕಾರಿ ಕಾಗದವೆಂಬುದು ಪುಸ್ತಕದ ಹಾಗೆ ತನ್ನಷ್ಟಕ್ಕೆ ತಾನು ಪೂರ್ಣವಾಗಿರುವ ವಸ್ತುವಲ್ಲ. ಒಂದು ಅರ್ಜಿ, ಅದರ ಮೇಲೆ ಶಾನುಭಾಗರ ವರದಿ, ಆ ವರದಿಯ ಮೇಲೆ ತಹಶೀಲ್ದಾರರ ಷರಾ, ಕೊನೆಗೆ ಹುಜೂರು ಕಚೇರಿಯ, ಅಂದರೆ ಕಲೆಕ್ಟರರ ಕಚೇರಿಯ, ಆದೇಶ ಎಂಬ ಸಾಲಿನಲ್ಲಿ ಅದು ಎಲ್ಲಿ ನಿಂತಿದೆ ಎಂಬುದರಿಂದಲೇ ಅದಕ್ಕೆ ಅರ್ಥವೂ ಸಾಕ್ಷ್ಯದ ಬಲವೂ ಬರುತ್ತವೆ. ಯಾವ ಕಚೇರಿ ಹುಟ್ಟಿಸಿದ ದಾಖಲೆಯೋ ಆ ಕಚೇರಿಯ ಗುಂಪಿನಲ್ಲಿಯೇ ಇರಬೇಕು, ಆ ಕಚೇರಿ ಜೋಡಿಸಿದ ಕ್ರಮದಲ್ಲಿಯೇ ಇರಬೇಕು. ನಮ್ಮ ವೃತ್ತಿಯಲ್ಲಿ ಇವೆರಡನ್ನು ಬಿಟ್ಟರೆ ಉಳಿದದ್ದೆಲ್ಲ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸೇವೆಗೆ ಸೇರಿದ ಎರಡನೆಯ ವರ್ಷ, ಹೆಸರು ಬೇಡ, ಒಂದು ಕಚೇರಿಯ ಕೊಠಡಿಯಲ್ಲಿ ದೇವಸ್ಥಾನದ ತಸ್ತೀಕು (ಸರ್ಕಾರ ಕೊಡುವ ವರ್ಷಾಶನ) ಒಂದು ಕಡೆ, ಕಾಡಿನ ವ್ಯವಹಾರ ಒಂದು ಕಡೆ, ಕುಮ್ಕಿ (ಕೃಷಿ ಜಮೀನಿಗೆ ಹೊಂದಿದ ಸರ್ಕಾರಿ ಜಾಗ) ತಕರಾರು ಒಂದು ಕಡೆ ಎಂದು ಆರು ತಿಂಗಳು ಕುಳಿತು ಬಹಳ ಚೆಂದಕ್ಕೆ ಜೋಡಿಸಿದವನು ನಾನೇ. ಬಂದವರೆಲ್ಲ ಹೊಗಳಿದರು. ಮರುವರ್ಷ ಒಬ್ಬರು ಹಳೆಯ ರಿಜಿಸ್ಟರಿನ ಸಂಖ್ಯೆ ಹಿಡಿದು ಒಂದು ಕಡತ ಕೇಳಿಕೊಂಡು ಬಂದರು. ಸಂಖ್ಯೆ ಇತ್ತು, ಕಡತವೂ ಕೊಠಡಿಯಲ್ಲಿಯೇ ಇತ್ತು. ಆದರೆ ಸಂಖ್ಯೆಯಿಂದ ಕಡತಕ್ಕೆ ಹೋಗುವ ದಾರಿಯನ್ನು ನಾನೇ ಅಳಿಸಿಹಾಕಿದ್ದೆ. ಅದರ ನಕ್ಷೆ ಕಾಡಿನ ಗುಂಪಿಗೆ ಹೋಗಿತ್ತು, ಆದೇಶ ತಸ್ತೀಕಿನ ಗುಂಪಿಗೆ. ಮತ್ತೆ ಮೊದಲಿನಂತೆ ಮಾಡಲು ಎರಡು ವರ್ಷ ಹಿಡಿಯಿತು, ಆದರೂ ಕೆಲವು ಹಾಳೆಗಳು ಯಾವ ಕಡತದವು ಎಂಬುದು ಇಂದಿಗೂ ನಿರ್ಧಾರವಾಗಿಲ್ಲ.

ಆದ್ದರಿಂದ ಮೊದಲು ಪಟ್ಟಿ. ಕಟ್ಟುಗಳನ್ನು ಬಿಚ್ಚುವ ಅಗತ್ಯವೂ ಈ ಹಂತದಲ್ಲಿ ಇಲ್ಲ. ಕಪಾಟಿಗೊಂದು ಅಕ್ಷರ, ಅಂತಸ್ತಿಗೊಂದು ಅಂಕೆ, ಎಡದಿಂದ ಬಲಕ್ಕೆ ಕಟ್ಟಿಗೊಂದು ಅಂಕೆ ಕೊಡಿ. ಪ್ರತಿ ಅಂತಸ್ತಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಡಿ. ಕಟ್ಟಿನ ಹೊರಗೆ ಬರೆದದ್ದನ್ನು ಇದ್ದ ಹಾಗೆಯೇ, ಕಾಗುಣಿತದ ತಪ್ಪನ್ನೂ ತಿದ್ದದೆ, ನಕಲು ಮಾಡಿ. ನಡುವೆ ಕಟ್ಟು ಇಲ್ಲದ ಜಾಗ ಕಂಡರೆ ಅಕ್ಕಪಕ್ಕದವನ್ನು ಸರಿಸಿ ತುಂಬಬೇಡಿ. ಆ ಖಾಲಿ ಜಾಗಕ್ಕೂ ಒಂದು ಸಂಖ್ಯೆ ಕೊಡಿ. ಇದನ್ನು ಹೊಸಬರು ಯಾರೂ ಒಪ್ಪುವುದಿಲ್ಲ, ನೀವಾದರೂ ಒಪ್ಪಿ. ಬೆನ್ನು ಕಿತ್ತ ಆ ರಿಜಿಸ್ಟರನ್ನು ಮಾತ್ರ ಇವತ್ತೇ ಕೊಠಡಿಯಿಂದ ಹೊರತೆಗೆದು ಒಣಗಿದ ಜಾಗದಲ್ಲಿ ಬೀಗದೊಳಗೆ ಇಡಿ. ಮುನ್ನೂರು ಕಟ್ಟುಗಳಿಗಿಂತ ಅದರ ಬೆಲೆ ಹೆಚ್ಚು.

1314 ಎಂಬುದು ಫಸಲಿ ವರ್ಷ. ಮದರಾಸು ಪ್ರಾಂತ್ಯದಲ್ಲಿ ಕಂದಾಯದ ಲೆಕ್ಕವೆಲ್ಲ ಜುಲೈ 1ರಿಂದ ಜೂನ್ 30ರವರೆಗಿನ ಫಸಲಿಯಲ್ಲಿ ನಡೆಯುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಆರಂಭದ ಇಸವಿ ಸಿಗುತ್ತದೆ. ಹಾಗಾಗಿ ನಿಮ್ಮ ಕಟ್ಟು 1904ರ ಜುಲೈಯಿಂದ 1905ರ ಜೂನ್‌ವರೆಗಿನದು. ಪಟ್ಟಿಯಲ್ಲಿ ಫಸಲಿಯನ್ನೂ ಬರೆಯಿರಿ, ಇಸವಿಯನ್ನೂ ಬರೆಯಿರಿ. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಬೇಡಿ.

‘ಡಿಸ್.’ ಎಂಬುದು ಮದರಾಸು ಕಚೇರಿ ಪದ್ಧತಿಯ ವಿಲೇವಾರಿ ಗುರುತು. 1956ರ ನವೆಂಬರ್ 1ರವರೆಗೆ ನಾವು ಮದರಾಸಿನವರೇ ಆಗಿದ್ದೆವಷ್ಟೆ. ಆರ್.ಡಿಸ್. ಎಂದರೆ ಶಾಶ್ವತವಾಗಿ ಉಳಿಸಬೇಕಾದ ಕಡತ, ಡಿ.ಡಿಸ್. ಎಂದರೆ ಹತ್ತು ವರ್ಷದ ನಂತರ ನಾಶಪಡಿಸಬಹುದಾದದ್ದು, ಎಲ್.ಡಿಸ್. ಎಂದರೆ ಒಂದೇ ವರ್ಷದ್ದು. ಇದನ್ನು ಓದಿ ಡಿ.ಡಿಸ್. ಕಡತಗಳನ್ನೆಲ್ಲ ಹೊರಗೆ ಹಾಕುವ ಆತುರ ಬೇಡ. ಹತ್ತು ವರ್ಷಕ್ಕೆ ಸುಡಬೇಕಾಗಿದ್ದ ಕಡತ ಯಾರದೋ ಮರೆವಿನಿಂದ ನೂರಿಪ್ಪತ್ತು ವರ್ಷ ಉಳಿದಿದ್ದರೆ, ಉಳಿದ ಕಚೇರಿಗಳಲ್ಲಿ ಅದರ ಜೊತೆಯವು ನಿಯಮದಂತೆ ಸುಟ್ಟುಹೋಗಿರುತ್ತವೆ. ಸಂತೆಯ ಸುಂಕ, ಕಡವಿನ (ದೋಣಿ ದಾಟುವ ಜಾಗದ) ಹರಾಜು, ಶಾಲೆಯ ಮಾಡು ಸೋರುವ ಅರ್ಜಿ ಮುಂತಾದ ಸಣ್ಣ ವ್ಯವಹಾರಗಳು ಆ ಗುಂಪಿನಲ್ಲಿಯೇ ಸಿಗುತ್ತವೆ. ನನ್ನ ಅನುಭವದಲ್ಲಿ ಓದಲು ರುಚಿಯಿರುವುದೂ ಅವೇ.

—

ಗಂಜಿ ಮತ್ತು ಬ್ರಷ್, ಮಣಿಪಾಲ

ಹಿರಿಯರು ಹೇಳಿದ ಕ್ರಮಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ನಾನು ಕಾಗದ ಸಂರಕ್ಷಣೆಯ ಕೆಲಸ ಮಾಡುವವಳಾದ್ದರಿಂದ ಕಾಗದದ ಮಟ್ಟಿಗೆ ಮಾತ್ರ ಬರೆಯುತ್ತೇನೆ.

ಹರಿದ ಹಾಳೆಗಳನ್ನು ಅಂಟಿಸಬೇಕೆಂಬ ಸೂಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸರ್ಕಾರಿ ಕಚೇರಿಯಲ್ಲಿ ಅಂಟಿಸುವುದೆಂದರೆ ಸೆಲ್ಲೋಟೇಪು ಎಂದೇ ಅರ್ಥ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಟೇಪು ಕಳಚಿ ಬೀಳುತ್ತದೆ, ಕಲೆ ಮಾತ್ರ ಶಾಶ್ವತವಾಗಿ ಉಳಿಯುತ್ತದೆ. ನಾವು ಬಳಸುವುದು ಗೋಧಿಯ ಪಿಷ್ಟದ ಗಂಜಿ ಮತ್ತು ತೆಳುವಾದ ಜಪಾನೀ ಟಿಶ್ಯೂ ಕಾಗದ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ಶುದ್ಧ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಕಲಕುತ್ತ ಅರ್ಧ ಗಂಟೆಯಷ್ಟು ಬೇಯಿಸಿದರೆ, ಹಾಲಿನಂತಿದ್ದದ್ದು ಅರೆಪಾರದರ್ಶಕವಾಗುತ್ತ ಬರುತ್ತದೆ. ತಣಿದ ಮೇಲೆ ಜರಡಿಯಲ್ಲಿ ಎರಡು ಸಲ ಸೋಸಿ, ಬೇಕಾದ ಹದಕ್ಕೆ ತೆಳು ಮಾಡಿ ಬ್ರಷ್ಷಿನಿಂದ ಹಚ್ಚುತ್ತೇವೆ. ಇದರ ಗುಣವೇನೆಂದರೆ, ಮುಂದೆ ಯಾರಿಗಾದರೂ ನಮ್ಮ ಕೆಲಸ ಸರಿಕಾಣದಿದ್ದರೆ ನೀರಿನ ಪಸೆ ತಾಗಿಸಿ ಬಿಡಿಸಬಹುದು. ಹಿಂದೆ ದೊಡ್ಡ ಪತ್ರಾಗಾರಗಳಲ್ಲೆಲ್ಲ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನು ಅಸಿಟೋನಿನಿಂದ ಕರಗಿಸಿ ಎರಡು ಕಡೆಗೂ ಹೊದಿಸುವ ಲ್ಯಾಮಿನೇಶನ್ ನಡೆಯುತ್ತಿತ್ತು. ಅದನ್ನು ಬಿಡಿಸುವ ಕಷ್ಟ ಕಂಡ ಮೇಲೆ ಈಗ ಅದರ ಮೇಲಿನ ನಂಬಿಕೆ ಇಳಿದಿದೆ. ಆದರೆ ಈ ಯಾವುದನ್ನೂ ನೀವು ಮಾಡಬೇಡಿ. ಮದರಾಸು ಕಾಲದ ಕಪ್ಪುಕಂದು ಶಾಯಿಯಲ್ಲಿ ಕಬ್ಬಿಣದ ಅಂಶವಿರುತ್ತದೆ, ಅದು ಅಕ್ಷರದ ಗೆರೆಯಲ್ಲಿಯೇ ಕಾಗದವನ್ನು ತಿಂದಿರುತ್ತದೆ. ತೇವ ತಾಗಿದರೆ ಅಕ್ಷರ ಕತ್ತರಿಸಿದಂತೆ ಕಳಚಿಕೊಳ್ಳುತ್ತದೆ. ಹರಿದ ಹಾಳೆಯನ್ನು ಮಡಚಿದ ಒಂದು ಬಿಳಿ ಹಾಳೆಯ ನಡುವೆ ಇಟ್ಟು, ಉದುರಿದ ಚೂರುಗಳನ್ನು ಪುಟ್ಟ ಕವರಿನಲ್ಲಿ ಹಾಕಿ ಅಲ್ಲಿಯೇ ಇಡಿ. ಆ ಕಾಸಿನಗಲದ ಚೂರನ್ನು ಎಸೆದಿಲ್ಲ ಎಂದು ನಂಬುತ್ತೇನೆ.

ನಿಮ್ಮ ಹಣ ಹಾಗೂ ಶ್ರಮ ಎರಡೂ ಹೋಗಬೇಕಾದದ್ದು ಗೋಡೆಯ ಪಸೆಗೆ. ಗಾಳಿಯ ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಹಿಡಿಯಲು ಆರಂಭ, ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ತೇವಾಂಶ 85ರ ಮೇಲೆಯೇ ಇರುತ್ತದೆ. ನಮ್ಮ ಊರ ಮಾತಿನಲ್ಲಿ ಹೇಳುವುದಾದರೆ ಗಾಳಿಯೇ ಚಂಡಿ, ಅಂದರೆ ಒದ್ದೆ. ಪಡುವಣ ಗೋಡೆಯ ಕಪಾಟುಗಳನ್ನು ಗೋಡೆಯಿಂದ ಒಂದು ಗೇಣಾದರೂ ಈಚೆಗೆ ಎಳೆಯಿರಿ, ಕೆಳಗಿನ ಅಂತಸ್ತು ನೆಲದಿಂದ ಒಂದು ಗೇಣು ಮೇಲಿರಲಿ. ಕಟ್ಟುಗಳ ಕ್ರಮವನ್ನು ಬದಲಿಸದೆ ಕಪಾಟನ್ನೇ ಸರಿಸಬೇಕು, ಹಿರಿಯರ ಮಾತು ನೆನಪಿರಲಿ. ಮರದ ಕಪಾಟಿನ ಕಾಲುಗಳಲ್ಲಿ ಒರಲೆಯ ಮಣ್ಣಿನ ಗೆರೆ ಇದೆಯೇ ಎಂದು ವಾರಕ್ಕೊಮ್ಮೆ ಟಾರ್ಚು ಹಾಕಿ ನೋಡಿ.

ಒಂದು ವಿಚಾರದಲ್ಲಿ ಜಗಳಕ್ಕೂ ಸಿದ್ಧರಾಗಿರಿ. ಯಾರಾದರೂ ದಾಖಲೆ ಕೊಠಡಿಗೆ ಏಸಿ ಮಂಜೂರು ಮಾಡಿಸಿ, ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದೂವರೆಗೆ ಆರಿಸುವ ಏರ್ಪಾಡು ಮಾಡಿದರೆ, ಅದು ಏಸಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ರಾತ್ರಿ ಹೊರಗಿನ ಬಿಸಿ ತೇವದ ಗಾಳಿ ಒಳನುಗ್ಗಿ ತಣ್ಣಗಿನ ಕಾಗದದ ಮೇಲೆಯೇ ಕೂರುತ್ತದೆ. ಇಪ್ಪತ್ತನಾಲ್ಕು ಗಂಟೆ ನಡೆಸಲಾಗದಿದ್ದರೆ ಫ್ಯಾನು ಸಾಕು. ಮಳೆಯ ದಿನ ಕಿಟಕಿ ತೆರೆಯಬೇಡಿ. ಆಕಸ್ಮಾತ್ ಕಟ್ಟು ಒದ್ದೆಯಾದರೆ ಅಂಗಳದ ಬಿಸಿಲಿಗೆ ಹಪ್ಪಳದಂತೆ ಹರಡಬೇಡಿ. ನೆರಳಿನಲ್ಲಿ ಫ್ಯಾನಿನ ಗಾಳಿಗೆ, ನಡುನಡುವೆ ಅಚ್ಚಿಲ್ಲದ ಕಾಗದವಿಟ್ಟು, ಎರಡು ದಿನದೊಳಗೆ ಒಣಗಿಸಬೇಕು. ತಡವಾದರೆ ಬೂಷ್ಟು ಗೆದ್ದ ಹಾಗೆಯೇ. ಕೆಂಪು ಬಟ್ಟೆಗೆ ಬದಲಾಗಿ ಒಗೆದು ಗಂಜಿ ತೆಗೆದ ಕೋರಾ ಬಟ್ಟೆ ತರಿಸಿ.

ಬಟ್ಟೆಯ ಮಾತು ಬಂದಾಗ ಒಂದು ನೆನಪು. ನಾವು ದಿನವಿಡೀ ‘ಕಡತ’ ಎನ್ನುತ್ತೇವಲ್ಲ, ಮೊದಲು ಅದು ಬಟ್ಟೆಯೇ ಆಗಿತ್ತು. ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದು, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಈ ಬಗೆಯವು. ನಿಮ್ಮ ಕೊಠಡಿಯ ಮೂಲೆಯಲ್ಲಿ ಕಪ್ಪು ಚಿಂದಿಯಂತೆ ಏನಾದರೂ ಕಂಡರೆ ಒರೆಸಿ ನೋಡಬೇಡಿ, ಬರಹವೇ ಅಳಿಸಿಹೋಗುತ್ತದೆ.

—

ಕುಂದಾಪುರದ ವಕೀಲ

ನಾಶದ ಪಟ್ಟಿಯ ಬಗ್ಗೆ ಎರಡು ಮಾತು. ಕೇಂದ್ರದ ಸಾರ್ವಜನಿಕ ದಾಖಲೆಗಳ ಅಧಿನಿಯಮ, 1993 ನಿಮ್ಮ ಕಚೇರಿಗೆ ನೇರವಾಗಿ ಅನ್ವಯಿಸುವುದಿಲ್ಲ, ಅದು ಕೇಂದ್ರ ಸರ್ಕಾರ, ಕೇಂದ್ರಾಡಳಿತ ಪ್ರದೇಶಗಳು ಹಾಗೂ ಅವುಗಳ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಆದರೂ ಅದರ 8ನೆಯ ಕಲಮನ್ನು ನಿಮ್ಮ ಟಿಪ್ಪಣಿಯಲ್ಲಿ ಮಾದರಿಯಾಗಿ ಉಲ್ಲೇಖಿಸಬಹುದು. 1892ಕ್ಕಿಂತ ಹಿಂದಿನ ಯಾವ ದಾಖಲೆಯನ್ನೂ, ಉಪಯೋಗಕ್ಕೆ ಬಾರದಷ್ಟು ಕೆಟ್ಟಿದೆ ಎಂದು ಪತ್ರಾಗಾರದ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು, ನಾಶಪಡಿಸುವಂತಿಲ್ಲ ಎಂದು ಅದು ಹೇಳುತ್ತದೆ. ನಿಮಗೆ ನೇರವಾಗಿ ತಾಗುವುದು ಮಾಹಿತಿ ಹಕ್ಕು ಅಧಿನಿಯಮ, 2005ರ 4(1)(ಎ): ಎಲ್ಲ ದಾಖಲೆಗಳನ್ನು ಪಟ್ಟಿ ಮಾಡಿ ಸೂಚಿ ಸಹಿತ ಇಡುವುದು ಕಚೇರಿಯ ಕರ್ತವ್ಯ. ಹಾಗಾಗಿ ಪಟ್ಟಿ ಮಾಡಲು ನೀವು ಯಾರ ಕೃಪೆಯನ್ನೂ ಬೇಡಬೇಕಿಲ್ಲ.

ನ್ಯಾಯಾಲಯದ ಕಡೆಯಿಂದ ನೋಡಿದರೆ, ನಮ್ಮ ಜಿಲ್ಲೆಗಳಲ್ಲಿ ಹಳೆಯ ಕಾಗದ ಇತಿಹಾಸವಾಗಿ ಇನ್ನೂ ತಣ್ಣಗಾಗಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ಕೊಟ್ಟ ನಮೂನೆ 7 (ಜಮೀನಿನ ಹಕ್ಕು ಕೋರುವ ಅರ್ಜಿ), ಅದರೊಂದಿಗೆ ಹಾಜರುಪಡಿಸಿದ ಗೇಣಿಚೀಟು, ನ್ಯಾಯಮಂಡಳಿಯ ಮುಂದಿನ ಹೇಳಿಕೆ ಇವನ್ನು ಹುಡುಕಿಕೊಂಡು ಮೊಮ್ಮಕ್ಕಳು ಇಂದಿಗೂ ಬರುತ್ತಾರೆ. ಅಡಂಗಲ್ (ಊರಿನ ಜಮೀನು, ಬೆಳೆಗಳ ಲೆಕ್ಕದ ಪುಸ್ತಕ), ಸೆಟ್ಲ್‌ಮೆಂಟ್ ರಿಜಿಸ್ಟರ್, ವರ್ಗದ (ಭೂಹಿಡುವಳಿಯ) ಲೆಕ್ಕ ಕಂಡರೆ ಎಂಥ ಸ್ಥಿತಿಯಲ್ಲಿದ್ದರೂ ನಾಶದ ಪಟ್ಟಿಯ ಹತ್ತಿರ ಸುಳಿಯಗೊಡಬೇಡಿ.

ಸ್ಕ್ಯಾನಿಂಗ್ ಆದ ಮೇಲೆ ಮೂಲ ಯಾಕೆ ಎಂದು ಕೇಳುವವರು ಬಂದೇ ಬರುತ್ತಾರೆ. ಸಹಿಯೋ ಶಾಯಿಯೋ ತಕರಾರಿಗೆ ಬಿದ್ದಾಗ ಪರೀಕ್ಷೆಗೆ ಬೇಕಾಗುವುದು ಮೂಲವೇ. ಸ್ಕ್ಯಾನ್ ಮಾಡಿದವರ ವಿಸ್ತೀರ್ಣದ ನಮೂದನ್ನೂ ಪರಿಶೀಲಿಸಿ. ನಮ್ಮಲ್ಲಿ ಎಕರೆಗೆ 100 ಸೆಂಟ್ಸ್, ಘಟ್ಟದ ಮೇಲೆ ಎಕರೆಗೆ 40 ಗುಂಟೆ. ಘಟ್ಟದ ಮೇಲಿನಿಂದ ಬಂದ ಹುಡುಗರು 0.40 ಎಂದು ಕಂಡಲ್ಲೆಲ್ಲ ನಲವತ್ತು ಗುಂಟೆ, ಅಂದರೆ ಒಂದು ಎಕರೆ, ಎಂದು ನಮೂದಿಸಿದ ಪ್ರಕರಣವನ್ನು ನಾನೇ ನಡೆಸಿದ್ದೇನೆ.

—

ಶೋಧಾರ್ಥಿ, ಕೊಣಾಜೆ

ನನ್ನದೊಂದು ಭಿನ್ನಮತ. ಶಾಶ್ವತವೆಂದು ಗುರುತಾದವನ್ನು ನಿಮ್ಮ ಪಸೆ ಗೋಡೆಯ ಕೊಠಡಿಯಲ್ಲಿಯೇ ಉಳಿಸಿಕೊಳ್ಳುವ ಬದಲು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯೊಂದಿಗೆ ಈಗಲೇ ಪತ್ರವ್ಯವಹಾರ ಆರಂಭಿಸುವುದು ಒಳ್ಳೆಯದು. ಕರಾವಳಿಯ ಹವೆ ಯಾರ ಅಭಿಮಾನವನ್ನೂ ಕೇಳುವುದಿಲ್ಲ. ಜಿಲ್ಲೆಯ ಕಾಗದ ಜಿಲ್ಲೆಯಲ್ಲಿಯೇ ಇರಬೇಕೆಂಬ ವಾದ ನನಗೂ ಪ್ರಿಯವೇ, ಆದರೆ 1799ರಲ್ಲಿ ಟಿಪ್ಪು ಮಡಿದು ಕನ್ನಡ (ಕೆನರಾ) ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಥಾಮಸ್ ಮನ್ರೋ ಮೊದಲ ಕಲೆಕ್ಟರನಾಗಿ ಬಂದ ದಿನಗಳನ್ನು ಓದಲು ನಾನು ಹೋಗಬೇಕಾದದ್ದು ಚೆನ್ನೈಯ ಎಗ್ಮೋರಿಗೆ. 1909ರಲ್ಲಿ ಆರಂಭವಾದ ಮದರಾಸು ರೆಕಾರ್ಡ್ ಆಫೀಸಿಗೆ, ಅಂದರೆ ಇಂದಿನ ತಮಿಳುನಾಡು ಪತ್ರಾಗಾರಕ್ಕೆ, ಹೋದ ದಕ್ಷಿಣ ಕನ್ನಡದ ದಾಖಲೆಗಳು ಇಂದಿಗೂ ಓದಲು ಸಿಗುತ್ತವೆ. ಊರಲ್ಲಿ ಉಳಿದವುಗಳ ಗತಿ ಏನಾಯಿತೆಂದು ನಮಗೆಲ್ಲ ಗೊತ್ತೇ ಇದೆ.

ನಿಮ್ಮ ಪಟ್ಟಿಯಲ್ಲಿ ತಾಲೂಕಿನ ಹೆಸರನ್ನು ಇಂದಿನದಕ್ಕೆ ಬದಲಿಸಬೇಡಿ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ತಾಲೂಕುಗಳಾದದ್ದು ಅದಕ್ಕೂ ಈಚೆಗೆ. 1904ರ ಕಡತದ ಮೇಲೆ ‘ಕಾಪು ತಾಲೂಕು’ ಎಂದು ನಮೂದಿಸಿದರೆ ಹುಡುಕುವವರಿಗೆ ದಾರಿ ತಪ್ಪುತ್ತದೆ. ಕಾಸರಗೋಡು ತಾಲೂಕಿನ ಕಾಗದ ನಿಮ್ಮಲ್ಲಿ ಸಿಕ್ಕರೂ ಆಶ್ಚರ್ಯಪಡಬೇಡಿ, ಆಗ ಅದೂ ನಮ್ಮ ಜಿಲ್ಲೆಯೇ.

ಕಲಿಯುವ ದಾರಿ ಕೇಳಿದ್ದೀರಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಸ್ಕೂಲ್ ಆಫ್ ಆರ್ಕೈವಲ್ ಸ್ಟಡೀಸ್ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ದಾಖಲೆಗಳ ದುರಸ್ತಿ, ನಿರ್ವಹಣೆಗಳ ಬಗ್ಗೆ ಕೆಲವೇ ವಾರಗಳ ತರಬೇತಿಗಳೂ ಇವೆ; ಸೇವೆಯಲ್ಲಿರುವವರು ಇಲಾಖೆಯ ಮೂಲಕ ಅರ್ಜಿ ಹಾಕುವುದು ವಾಡಿಕೆ. ಮೊದಲು ಸಣ್ಣದಕ್ಕೆ ಹೋಗಿ ಬನ್ನಿ.

—

ಪತ್ರಾಗಾರದ ಹಳಬ, ಮಂಗಳೂರು

ಶೋಧಾರ್ಥಿಗಳ ಮಾತನ್ನು ಅರ್ಧ ಒಪ್ಪುತ್ತೇನೆ. ಕಳುಹಿಸಲೇಬೇಕು, ಆದರೆ ಪಟ್ಟಿ ಮುಗಿಯುವ ಮೊದಲು ಒಂದು ಹಾಳೆಯೂ ಕೊಠಡಿ ಬಿಡಕೂಡದು. ಪಟ್ಟಿಯಿಲ್ಲದೆ ಲಾರಿ ಹತ್ತಿದ ಕಟ್ಟುಗಳು ತಲುಪಿದ ಕಡೆಯಲ್ಲಿಯೂ ಪಟ್ಟಿಯಿಲ್ಲದೆ ಮಲಗುತ್ತವೆ. ಕಳುಹಿಸಿದವರು ಕೊಟ್ಟಿದ್ದೇವೆ ಎನ್ನುತ್ತಾರೆ, ಪಡೆದವರು ಬಂದಿಲ್ಲ ಎನ್ನುತ್ತಾರೆ, ಇಬ್ಬರೂ ಪ್ರಾಮಾಣಿಕರೇ ಆಗಿರುತ್ತಾರೆ.

—

ಹೊಸಗುಮಾಸ್ತ, ಉಡುಪಿ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ವರದಿ ಒಪ್ಪಿಸುತ್ತಿದ್ದೇನೆ.

ಟಿಪ್ಪಣಿ ಮಂಡಿಸಿದೆ. ವಿಷಯವಾರು ವಿಂಗಡಣೆಯನ್ನು ಸದ್ಯಕ್ಕೆ ಕೈಬಿಡಲು ಮೇಲಧಿಕಾರಿಗಳು ಒಪ್ಪಿದ್ದಾರೆ. ಹಿರಿಯರು ಕೊಟ್ಟ ಕಾರಣಗಳಿಗಿಂತ ವಕೀಲರು ಕೊಟ್ಟ ಕಲಮುಗಳೇ ಹೆಚ್ಚು ಕೆಲಸ ಮಾಡಿದವು ಎಂಬುದನ್ನು ಮುಚ್ಚಿಡಲಾರೆ. ನಾಶದ ಪಟ್ಟಿಯನ್ನು ದೀಪಾವಳಿಯ ನಂತರಕ್ಕೆ ಮುಂದೂಡಲಾಗಿದೆ. ಪಡುವಣ ಗೋಡೆಯ ಕಪಾಟುಗಳನ್ನು ಸರಿಸಿದ್ದೇವೆ. ಒಂದರ ಹಿಂದಿನ ಕಾಲಿನಲ್ಲಿ ಮಣ್ಣಿನ ಗೆರೆ ಇತ್ತು, ಕೆಳ ಅಂತಸ್ತಿನ ಎರಡು ಕಟ್ಟುಗಳ ತಳವನ್ನು ಒರಲೆ ತಿಂದುಹಾಕಿದೆ. ಅವುಗಳನ್ನು ಬೇರೆ ಮಾಡಿಟ್ಟಿದ್ದೇನೆ. ಕಾಸಿನಗಲದ ಆ ಚೂರು ಕವರಿನಲ್ಲಿ ಭದ್ರವಾಗಿದೆ, ಮೇಡಂ.

ಇದುವರೆಗೆ 186 ಕಟ್ಟುಗಳ ಪಟ್ಟಿಯಾಗಿದೆ. ಸಿ ಕಪಾಟಿನ ಮೂರನೆಯ ಅಂತಸ್ತಿನಲ್ಲಿ, ಫಸಲಿ 1321 ಮತ್ತು 1323ರ ನಡುವೆ, ಒಂದು ಕಟ್ಟಿನಷ್ಟು ಜಾಗ ಖಾಲಿ ಇತ್ತು. ಈ ಚರ್ಚೆಯನ್ನು ಓದದೆ ಇದ್ದಿದ್ದರೆ ನಾನು ಪಕ್ಕದ ಕಟ್ಟನ್ನು ಅಲ್ಲಿಗೆ ತಳ್ಳಿ ಸಾಲು ಸರಿಮಾಡುತ್ತಿದ್ದೆ. ಸಂಖ್ಯೆ ಅಂಟಿಸಲೆಂದು ಟಾರ್ಚು ಹಾಕಿದಾಗ ಹಲಗೆಯ ಮೇಲೆ ಧೂಳು ಮುಚ್ಚಿದ ಒಂದು ಚೀಟಿ ಕಂಡಿತು. ಪೆನ್ಸಿಲಿನಲ್ಲಿ ಬರೆದದ್ದು, ಅಕ್ಷರ ಮಾಸಿದ್ದರೂ ಓದಲು ಬರುತ್ತದೆ: ‘ಹುಜೂರು ಕಚೇರಿಗೆ ಕಳುಹಿಸಿದೆ, ಮಂಗಳೂರು’. ಕೆಳಗೆ ಒಂದು ಸಂಖ್ಯೆ ಮತ್ತು ಗುರುತಿಸಲಾಗದ ಸಹಿ ಇದೆ. ಬೆನ್ನು ಕಿತ್ತ ರಿಜಿಸ್ಟರಿನಲ್ಲಿಯೂ 1322ರ ಎದುರಿಗೆ ಅದೇ ಸಂಖ್ಯೆ ಇದೆ.

ಚೀಟಿಯ ಫೋಟೊ ತೆಗೆದು, ಅದನ್ನು ಇದ್ದಲ್ಲಿಯೇ ಬಿಟ್ಟು, ಆ ಜಾಗಕ್ಕೆ ಸಿ-3-14 ಎಂದು ಸಂಖ್ಯೆ ಕೊಟ್ಟಿದ್ದೇನೆ. ಹಳಬರು ಮಂಗಳೂರಿನವರಾದ್ದರಿಂದ ಕೇಳುತ್ತಿದ್ದೇನೆ: ಆ ಸಂಖ್ಯೆಯನ್ನು ಹಿಡಿದು ನಾನು ಅಲ್ಲಿ ಯಾವ ಶಾಖೆಗೆ ಪತ್ರ ಬರೆಯಬೇಕು?